ಬಿಸಿಪಟ್ಟಿ

ಏಳನೇ ನಂಬರಿನ ಮೈಶಾಖ ಮೂವತ್ತೆಂಟು ಡಿಗ್ರಿ ದಾಟಿದಾಗ ನಾನು ಗಿರಮಿಟ್ ತಿನ್ನುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಾನು ನಾಚಿಕೆಪಡಬೇಕಾದ ದೊಡ್ಡ ಸಂಗತಿಗಳು ಮುಂದೆ ಬರಲಿವೆ, ಆದ್ದರಿಂದ ಈ ಸಣ್ಣದನ್ನು ಮೊದಲೇ ಹೇಳಿ ಮುಗಿಸುತ್ತೇನೆ.

ಬೀಜ ಭಂಡಾರದ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಇಪ್ಪತ್ತೆರಡು ಅಂಕಿಗಳು ಹಸಿರಾಗಿದ್ದವು. ಒಂದು ಹಳದಿಗೆ ತಿರುಗಿತು. ನನ್ನ ಸಹಾಯಕ ಜಿನದತ್ತ ಕುರ್ಚಿ ಮುಂದಕ್ಕೆಳೆದುಕೊಂಡು, "ಮೇಡಂ, ಏಳನೇದು ನೋಡ್ರಿ. ಮೂವತ್ತೆಂಟು ಪಾಯಿಂಟ್ ಒಂದು," ಎಂದ.

"ಪೆಟ್ಟಿಗಿ ಹೊತ್ತಾನಲ್ಲ, ಮೈ ಕಾದಿರ್ತದ. ಬೆನ್ನಿನ ಪಟ್ಟಿ ತಾನ ಕಡಿಮಿ ಮಾಡ್ತದ, ಬಿಡು," ಎಂದೆ ಈರುಳ್ಳಿ ಜಗಿಯುತ್ತ.

ಪಟ್ಟಿ ಕಡಿಮೆ ಮಾಡಲಿಲ್ಲ.

ಏಳನೇ ನಂಬರೆಂದರೆ ಫಕ್ಕೀರಪ್ಪ ಮಾಳಗಿ, ನಲವತ್ತೊಂದು ವರ್ಷದ ಹಮಾಲ. ಆ ಹೊತ್ತಿಗೆ ಅವನು ನಮ್ಮ ಗೋಡೆಯಾಚೆ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಬೂಟು ಕೈಗವಸು ಬಿಟ್ಟರೆ ಬರೀ ಬನಿಯನ್ನು ಚಡ್ಡಿಯಲ್ಲಿ ಬೀಜದ ಪೆಟ್ಟಿಗೆ ಹೊತ್ತು ಓಡಾಡುತ್ತಿದ್ದ. ಹೊರಗೆ ರಾಣೆಬೆನ್ನೂರಿನ ಏಪ್ರಿಲ್ ಬಿಸಿಲು ನಲವತ್ತು ದಾಟಿತ್ತು.

ಬೀಜಕ್ಕೂ ಉಸಿರಿದೆ. ಗೋದಾಮಿನಲ್ಲಿಟ್ಟ ಬೀಜ ಸತ್ತಂತೆ ಕಂಡರೂ ಒಳಗೆ ಸಣ್ಣಗೆ ಉರಿಯುತ್ತಲೇ ಇರುತ್ತದೆ. ಸೆಕೆ ಹೆಚ್ಚಿದರೆ ಬೇಗ ಉರಿದು ಮುಗಿಯುತ್ತದೆ, ಆಮೇಲೆ ಬಿತ್ತಿದರೆ ಮೊಳೆಯುವುದಿಲ್ಲ. ಬೇಸಿಗೆಗಳು ತೀರಾ ಕೆಟ್ಟ ಮೇಲೆ ಐದು ಜಿಲ್ಲೆಗಳ ಬಿತ್ತನೆ ಬೀಜವನ್ನೆಲ್ಲ ತಂದು ಈ ಭಂಡಾರದಲ್ಲಿ ಹೆಪ್ಪುಗಟ್ಟಿಸಿಡಲು ಶುರುಮಾಡಿದರು. ಬೀಜಕ್ಕೆ ಚಳಿ ಬೇಕು, ಹೊರುವವನಿಗೆ ಬೇಡ. ದಪ್ಪ ಕೋಟು ತೊಟ್ಟರೆ ಪೆಟ್ಟಿಗೆ ಹೆಗಲ ಮೇಲೆ ಕೂರುವುದಿಲ್ಲ, ಜಾರುತ್ತದೆ. ಕೋಟಿಲ್ಲದೆ ಹತ್ತು ನಿಮಿಷ ಒಳಗಿರುವುದೂ ಕಷ್ಟ. ಹಾಗಾದರೆ ಯಂತ್ರ ತರುತ್ತೇವೆ ಎಂದಾಗ ಹಮಾಲರ ಸಂಘದವರು ಬಾಗಿಲಿಗೆ ಅಡ್ಡ ಕೂತರು. ಆಗ ಧಾರವಾಡದಿಂದ ನನ್ನನ್ನು ಕರೆಸಿದರು.

ನನ್ನ ಹೆಸರು ಮಂದಾಕಿನಿ ಗುಡಗೇರಿ. ಇಪ್ಪತ್ತೆರಡು ವರ್ಷ ಜೀವರಸಾಯನಶಾಸ್ತ್ರ ಪಾಠ ಮಾಡಿದವಳು. ಪ್ರತಿ ವರ್ಷ ಮೈಟೊಕಾಂಡ್ರಿಯದ ಅಧ್ಯಾಯಕ್ಕೆ ಬಂದಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಎದ್ದು ಕೂರುತ್ತಿತ್ತು. ಮನುಷ್ಯ ಚಳಿಗೆ ಹೊದ್ದುಕೊಳ್ಳುವ ಬದಲು ಮೈಯನ್ನೇ ಒಳಗಿನಿಂದ ಕಾಯಿಸಿಕೊಂಡರೆ?

ಮೊದಲ ದಿನ ಹಮಾಲರನ್ನೆಲ್ಲ ಸಂಘದ ಕಟ್ಟೆಯ ಮೇಲೆ ಕೂರಿಸಿಕೊಂಡು, "ನೀವು ಉಂಡ ರೊಟ್ಟಿ ಕೊನಿಗೆ ಎಲ್ಲಿ ಹೋಗ್ತದ ಗೊತ್ತೇನ್ರಿ?" ಎಂದು ಕೇಳಿದ್ದೆ. ಹಿಂದಿನ ಸಾಲಿನಿಂದ ಯಾರೋ ಕೊಟ್ಟ ಉತ್ತರಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಆಮೇಲೆ ಹೇಳಿದೆ. ಮೈಯ ಪ್ರತಿಯೊಂದು ಜೀವಕೋಶದೊಳಗೂ ಮೈಟೊಕಾಂಡ್ರಿಯವೆಂಬ ಪುಟ್ಟ ಒಲೆಗಳಿವೆ. ರೊಟ್ಟಿಯಿಂದ ಕಿತ್ತ ಎಲೆಕ್ಟ್ರಾನುಗಳು ಅಲ್ಲಿನ ಒಳಪೊರೆಯಲ್ಲಿ ಸಾಲಾಗಿ ನಿಂತ ಪ್ರೋಟೀನುಗಳ ಮೂಲಕ ಕೈಯಿಂದ ಕೈಗೆ ದಾಟುತ್ತವೆ, ಲಾರಿಯಿಂದ ಗೋದಾಮಿಗೆ ನೀವು ಸಾಲುಹಿಡಿದು ಚೀಲ ದಾಟಿಸುವ ಹಾಗೆ. ಸಾಲಿನ ತುದಿಯಲ್ಲಿ ಕೈಚಾಚಿ ನಿಂತಿರುವುದು ನೀವು ಉಸಿರೆಳೆದುಕೊಂಡ ಆಮ್ಲಜನಕ. ಅದು ಎಲೆಕ್ಟ್ರಾನನ್ನು ಹಿಡಿದು ನೀರಾಗುತ್ತದೆ. ಅದು ಕೈಚಾಚದಿದ್ದರೆ ಇಡೀ ಸಾಲು ನಿಂತುಬಿಡುತ್ತದೆ, ಅದಕ್ಕೇ ಉಸಿರು ಕಟ್ಟಿದರೆ ಮನುಷ್ಯ ಸಾಯುವುದು. ಒಂದೊಂದು ಕೈ ಬದಲಾದಾಗಲೂ ಚೂರು ಶಕ್ತಿ ಸಿಗುತ್ತದೆ. ಆ ಶಕ್ತಿಯಿಂದ ಸಾಲಿನ ಪ್ರೋಟೀನುಗಳು ಪ್ರೋಟಾನುಗಳನ್ನು ಪೊರೆಯಾಚೆ ತಳ್ಳಿ ತಳ್ಳಿ, ಕೆರೆ ತುಂಬಿಸಿದಂತೆ ತುಂಬಿಸುತ್ತವೆ. ತುಂಬಿದ ಪ್ರೋಟಾನುಗಳು ಒಂದೇ ಒಂದು ತೂಬಿನ ಮೂಲಕ ವಾಪಸು ಹರಿಯಬೇಕು. ಆ ತೂಬಿನಲ್ಲಿ ನಿಜವಾಗಿಯೂ ತಿರುಗುವ ಒಂದು ಗಾಲಿಯಿದೆ. ಅದು ತಿರುಗಿದಂತೆ ಎಟಿಪಿ ತಯಾರಾಗುತ್ತದೆ. ನೀವು ಪೆಟ್ಟಿಗೆ ಎತ್ತುವುದು, ಕಣ್ಣು ಮಿಟುಕಿಸುವುದು ಎಲ್ಲ ಆ ಎಟಿಪಿಯಿಂದಲೇ.

"ಈಗ ಆ ಕೆರಿ ಒಡ್ಡಿಗೆ ನಾನು ಒಂದು ಸಣ್ಣ ತೂತು ಹಾಕಿದೆ ಅನ್ರಿ. ಪ್ರೋಟಾನು ಗಾಲಿ ತಿರುಗಿಸದ ಹಂಗ ಹರಿದು ಹೋಗ್ತಾವ. ಗಾಲಿಗೆ ಹೋಗೋ ಶಕ್ತಿ ಬರೀ ಶಾಖ ಆಗ್ತದ. ಹಸುಗೂಸಿನ ಮೈಯಾಗ ದೇವರು ಇದನ್ನ ಮೊದಲs ಮಾಡ್ಯಾನ. ಅದಕ್ಕ ಕೂಸು ಚಳಿಗೆ ನಡುಗೂದಿಲ್ಲ."

ಹಮಾಲರ ತಂಡ ನಡೆಸುವ ಮುಕಾದಮ ದಾವಲಸಾಬ ಗಡ್ಡ ನೀವಿಕೊಂಡು ಕೇಳಿದ. ಅರವತ್ತರ ಮನುಷ್ಯ, ಮಾತು ಕಡಿಮೆ. "ಸಣ್ಣ ತೂತು ದೊಡ್ಡದಾದ್ರ, ಅಕ್ಕಾರ?"

ಅದಕ್ಕೂ ನನ್ನ ಬಳಿ ಉತ್ತರವಿತ್ತು. ನಾನು ಉತ್ತರವಿಲ್ಲದೆ ಎಲ್ಲಿಗೂ ಹೋಗುವವಳಲ್ಲ, ಅದೇ ನನ್ನ ರೋಗ. ಆ ತೂತು ಹಾಕುವ ಔಷಧ ಬೆನ್ನಿಗೆ ಅಂಟಿಸುವ ಒಂದು ಪಟ್ಟಿಯಲ್ಲಿದೆ, ಪಟ್ಟಿಯ ಅಂಟಿನಲ್ಲೇ ಬೀಗವಿದೆ ಎಂದೆ. ಚರ್ಮ ತಣ್ಣಗಿರುವವರೆಗೆ ಮಾತ್ರ ಅಂಟು ಔಷಧವನ್ನು ಬಿಡುತ್ತದೆ, ಬಿಸಿಯಾದೊಡನೆ ಹೆಪ್ಪುಗಟ್ಟಿ ಬಾಯಿ ಮುಚ್ಚಿಕೊಳ್ಳುತ್ತದೆ. ಧಾರವಾಡದಲ್ಲಿ ನಲವತ್ತು ಕಾಲೇಜು ಹುಡುಗರ ಮೇಲೆ ಪರೀಕ್ಷೆ ಮಾಡಿದ್ದೆ. ಒಬ್ಬನ ಶಾಖವೂ ಮೂವತ್ತೇಳೂವರೆ ದಾಟಿರಲಿಲ್ಲ. ದಾವಲಸಾಬ ತಲೆಯಾಡಿಸಿದ. ಒಪ್ಪಿದನೋ, ಸುಮ್ಮನಾದನೋ, ನನಗೆ ತಿಳಿಯಲಿಲ್ಲ. ಪಟ್ಟಿಗೆ ನಾನು ಇಟ್ಟಿದ್ದ ಉದ್ದನೆಯ ಹೆಸರನ್ನು ಅವರು ಅಂದೇ ಬಿಸಾಡಿ ಬಿಸಿಪಟ್ಟಿ ಎಂದು ಕರೆದರು.

ಮೊದಲ ವಾರ ಎಲ್ಲರಿಗೂ ಹಬ್ಬ. ಹಿಮದ ಕೋಣೆಯೊಳಗೆ ಇಪ್ಪತ್ತೆರಡು ಗಂಡಸರು ಬನಿಯನ್ನಿನಲ್ಲಿ ಹಾಡು ಹೇಳಿಕೊಂಡು ಪೆಟ್ಟಿಗೆ ಹೊರುತ್ತಿದ್ದರು, ಮೈಯಿಂದ ಆವಿ ಏಳುತ್ತಿತ್ತು. ಹಸಿವು ಮಾತ್ರ ವಿಪರೀತ. ಎರಡನೆಯ ವಾರ ಫಕ್ಕೀರಪ್ಪ, "ಅಕ್ಕಾರ, ನಮ್ಮನಿಯಾಕಿ ನಿಮ್ಮನ್ನ ಬೈಯಾಕ ಕರದಾಳ, ಬರ್ರಿ," ಎಂದು ಸಂಜೆ ಮನೆಗೆ ಕರೆದುಕೊಂಡು ಹೋದ.

ಭಂಡಾರದ ಹಿಂದಿನ ಓಣಿಯಲ್ಲೇ ಮನೆ. ಅವನ ಹೆಂಡತಿ ನೀಲವ್ವ ಬಾಗಿಲಲ್ಲೇ ಶುರುಮಾಡಿದಳು. "ಐದು ರೊಟ್ಟಿ ತಿನ್ನಾಂವ ಈಗ ಹತ್ತು ತಿಂತಾನ್ರಿ. ಇವಂಗ ಪಟ್ಟಿ ಹಚ್ಚೀರೋ, ಹೊಟ್ಟ್ಯಾಗ ಕಾಡಹಂದಿ ಬಿಟ್ಟೀರೋ?" ಬೈಯುತ್ತಲೇ ನನಗೂ ಮೂರು ರೊಟ್ಟಿ ಬಡಿದುಕೊಟ್ಟಳು, ಮೇಲೆ ಗುರೆಳ್ಳು ಚಟ್ನಿ, ಎಣ್ಣೆಗಾಯಿ. ಅಷ್ಟು ರುಚಿಯಾಗಿ ಉಂಡು ಎಷ್ಟೋ ದಿನವಾಗಿತ್ತು.

ಊಟವಾದ ಮೇಲೆ ಫಕ್ಕೀರಪ್ಪ ಚಾಪೆಯ ಮೇಲೆ ಬೋರಲು ಮಲಗಿದ. ನೀಲವ್ವ ಗೂಡಿನಿಂದ ಒಂದು ಹಸಿರು ಬಾಟಲಿ ತೆಗೆದು, ಅಂಗೈಗೆ ಎಣ್ಣೆ ಸುರಿದುಕೊಂಡು, ಅವನ ಹೆಗಲು ಬೆನ್ನು ತಿಕ್ಕತೊಡಗಿದಳು. ಮನೆಯೆಲ್ಲ ಘಮ್ಮೆಂದಿತು. "ಗಂಧಪುರದ ಎಣ್ಣಿರೀ. ಲಗ್ನಾಗಿ ಹದಿನಾರು ವರ್ಸ ಆತು, ಒಂದ ದಿನ ತಪ್ಪಿಸಿಲ್ಲ. ಇದನ್ನ ತಿಕ್ಕಲಿಲ್ಲಂದ್ರ ಮರುದಿನ ಹೆಗಲು ಏಳೂದಿಲ್ಲ ಇವಂದು," ಎಂದಳು. ಹಮಾಲನ ಹೆಗಲ ಮೇಲೆ ದುಂಡಗೆ ಗಟ್ಟಿಯಾಗಿ ಎದ್ದ ಗಂಟಿತ್ತು. ಅವಳ ಹೆಬ್ಬೆರಳು ಅದರ ಸುತ್ತ ಹಗುರಾಗಿ ತಿರುಗುತ್ತಿತ್ತು. ಮದುವೆಯಾಗದ ನನಗೆ ಅದನ್ನು ನೋಡುತ್ತ ಎದೆ ತುಂಬಿ ಬಂತು. ಬಾಟಲಿ ಈಸಿಕೊಂಡು ಮೂಸಿದೆ. "ವಾಸನಿ ಭಾಳ ಛಲೋ ಅದ ನೀಲವ್ವಾ," ಎಂದೆ.

ಅಷ್ಟೇ ಅಂದೆ.

ಪರದೆಯ ಮೇಲೆ ಏಳನೇ ನಂಬರು ಈಗ ಮೂವತ್ತೆಂಟು ಪಾಯಿಂಟ್ ಒಂಬತ್ತು. ಗಿರಮಿಟ್ಟಿನ ಪೊಟ್ಟಣ ಯಾವಾಗ ಕೆಳಗೆ ಬಿತ್ತೋ ನೆನಪಿಲ್ಲ. ಅಂಕಿ ಕೆಂಪಾಗಿ ಗಂಟೆ ಬಾರಿಸತೊಡಗಿತು.

"ಹೊರಗ ಕರೀರಿ ಅವನ್ನ!" ಎಂದು ಮೈಕಿನಲ್ಲಿ ಕೂಗಿದೆ. ಎದ್ದು ಓಡುವ ಹೊತ್ತಿಗೆ ಮೂವತ್ತೊಂಬತ್ತು ಪಾಯಿಂಟ್ ಎರಡು.

ಅಂಗಳಕ್ಕೆ ಬಂದಾಗ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಸುಡುವ ಬಿಸಿಲಲ್ಲಿ ಫಕ್ಕೀರಪ್ಪನನ್ನು ಕಲ್ಲಿನ ಮೇಲೆ ಕೂರಿಸಿ, ಎರಡು ಕಂಬಳಿ ಸುತ್ತಿ, ಬಾಗಿಲ ಕಾವಲಿನವರಿಬ್ಬರು ಅವನ ಅಂಗಾಲು ತಿಕ್ಕುತ್ತಿದ್ದರು. ಅವನ ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ನಾಯಿ ತೇಕುವ ಹಾಗೆ ತೇಕುತ್ತಿದ್ದ.

"ಕಂಬಳಿ ಯಾಕ ಹೊಚ್ಚೀರಿ? ತಲಿ ಕೆಟ್ಟದೇನು ನಿಮಗ?" ಎಂದು ಕಿರುಚಿ ಕಂಬಳಿ ಕಿತ್ತೆಸೆದೆ.

ದಾವಲಸಾಬ ನನ್ನನ್ನೇ ನೋಡಿದ. "ನೀವs ಬರದೀರಲ್ರಿ, ಅಕ್ಕಾರ. ಗಂಟಿ ಹೊಡದ್ರ ಹೊರಗ ತಂದು ಬಿಸಲಿಗೆ ಕುಂಡ್ರಸ್ರಿ, ಕಂಬಳಿ ಹೊಚ್ರಿ ಅಂತ. ಬಾಗಲದಾಗ ಹಚ್ಚೇತಿ."

ಹೌದು, ನಾನೇ ಬರೆದದ್ದು. ಆ ಸೂಚನೆ ಬರೆಯುವಾಗ ನನಗಿದ್ದ ಭಯ ಒಂದೇ, ಪಟ್ಟಿ ಕೆಲಸ ಮಾಡದೆ ಯಾರಾದರೂ ಚಳಿಗೆ ಸೆಡೆತುಕೊಂಡಾರು ಎಂಬುದು. ಪಟ್ಟಿ ಅತಿಯಾಗಿ ಕೆಲಸ ಮಾಡೀತೆಂದು ನಾನು ಎಣಿಸಿಯೇ ಇರಲಿಲ್ಲ. ನನ್ನ ಬೀಗದ ಮೇಲೆ ನನಗೆ ಅಷ್ಟು ನಂಬಿಕೆ.

ಅವನ ಬೆನ್ನಿನ ಪಟ್ಟಿಯನ್ನು ಉಗುರಿನಿಂದ ಕೆರೆದು ಕಿತ್ತೆ. ಇನ್ನು ಇಳಿಯಲೇಬೇಕು ಎಂದುಕೊಂಡು, ಅವನ ಕಿವಿಯ ಶಾಖಮಾಪಕದ ಅಂಕಿ ತೋರಿಸುವ ಕೈಯಂತ್ರ ನೋಡುತ್ತ ನಿಂತೆ. ಮೂವತ್ತೊಂಬತ್ತು ಪಾಯಿಂಟ್ ಆರು. ಒಂದು ನಿಮಿಷ ಕಳೆಯಿತು. ಪಾಯಿಂಟ್ ಎಂಟು. ಆಂಬುಲೆನ್ಸಿಗೆ ಜಿನದತ್ತ ಫೋನು ಮಾಡಿದ. ಹೆದ್ದಾರಿಯಲ್ಲಿ ಲಾರಿ ಮಗುಚಿಕೊಂಡಿದೆ, ಮುಕ್ಕಾಲು ಗಂಟೆ ಬೇಕು ಎಂದರು.

"ಜ್ವರದ ಗುಳಗಿ ನುಂಗಸೂಣೇನ್ರಿ?" ಯಾರೋ ಕೇಳಿದರು.

"ಬ್ಯಾಡ! ಇದು ಜ್ವರ ಅಲ್ಲ. ಗುಳಗಿಗೆ ಬಗ್ಗೂದಲ್ಲ."

ಪಟ್ಟಿ ಕಿತ್ತ ಮೇಲೂ ಶಾಖ ಏಕೆ ಏರುತ್ತಿದೆ? ಔಷಧ ಒಳಗೆಲ್ಲಿಂದ ಬರುತ್ತಿದೆ? ಬೀಗ ಏಕೆ ಮುಚ್ಚಲಿಲ್ಲ? ನನ್ನ ತಲೆ ಒಣ ಬಾವಿಗೆ ಕೊಡ ಬಿಟ್ಟಂತೆ ಖಾಲಿ ಸದ್ದು ಮಾಡುತ್ತಿತ್ತು.

ಅಷ್ಟರಲ್ಲಿ ನೀಲವ್ವ ಓಡಿಬಂದಳು. ಓಣಿಗೆ ಸುದ್ದಿ ಮುಟ್ಟಿತ್ತು. ಗಂಡನ ಮುಖ ನೋಡಿದಳು. ಸೀದಾ ಮೊಣಕಾಲೂರಿ ಕುಳಿತು, ಸೆರಗಿನಿಂದ ಹಸಿರು ಬಾಟಲಿ ತೆಗೆದು, ಅವನ ಅಂಗಾಲಿಗೆ ಎಣ್ಣೆ ಸುರಿದು ತಿಕ್ಕತೊಡಗಿದಳು.

ಆ ಘಮ ಮೂಗಿಗೆ ಬಡಿಯಿತು.

ಅದೊಂದು ಉಸಿರಿನಲ್ಲಿ ನನಗೆ ಎಲ್ಲ ತಿಳಿಯಿತು. ಗಂಧಪುರವೆಂಬ ಗಿಡದ ಎಲೆಯೆಣ್ಣೆ. ಅದರ ತುಂಬ ಸ್ಯಾಲಿಸಿಲೇಟು, ಆಸ್ಪಿರಿನ್ನಿನ ಜಾತಿಯ ರಾಸಾಯನಿಕ. ಇಪ್ಪತ್ತೆರಡು ವರ್ಷ ಅದೇ ಅಧ್ಯಾಯದ ಕೊನೆಗೆ ನಾನು ಹಲಗೆಯ ಮೇಲೆ ಬರೆದದ್ದು: ಸ್ಯಾಲಿಸಿಲೇಟ್ ಮಿತಿ ಮೀರಿದರೆ ಮೈಟೊಕಾಂಡ್ರಿಯದ ಪೊರೆಯಿಂದ ಪ್ರೋಟಾನುಗಳು ಸೋರುತ್ತವೆ. ಅಂದರೆ ಈ ಎಣ್ಣೆ ತಾನೇ ಒಂದು ಬಿಸಿಪಟ್ಟಿ. ಸಾಲದ್ದಕ್ಕೆ ಎಣ್ಣೆ ಕುಡಿದ ಚರ್ಮದಲ್ಲಿ ನನ್ನ ಅಂಟು ಕರಗುತ್ತದೆ, ಬೀಗವೇ ಕೊಚ್ಚಿಹೋಗುತ್ತದೆ. ಎರಡು ಗಂಟೆಗಳ ಕಾಲ ಚೂರುಚೂರೇ ಬಿಡಬೇಕಾದ ಔಷಧವನ್ನೆಲ್ಲ ಚರ್ಮ ಒಮ್ಮೆಲೇ ಒಳಗೆಳೆದುಕೊಂಡಿತ್ತು.

"ನೀಲವ್ವಾ, ಕೈ ತಗಿ! ಎಣ್ಣಿ ಹಚ್ಚಬ್ಯಾಡ!" ಬಾಟಲಿ ಕಿತ್ತುಕೊಂಡೆ. ಅವಳು ಬೆಚ್ಚಿ ನೋಡಿದಳು.

"ದಾವಲಸಾಬ್ರ, ದಿನಾ ಎಣ್ಣಿ ಹಚ್ಚತಿದ್ದ ಇಂವ. ಇವತ್ತs ಯಾಕ ಹಿಂಗಾತು? ನಿನ್ನೆ ಏನು ಮಾಡಿದ್ರಿ?"

"ನಿನ್ನಿ ಅಮಾಸಿರಿ," ಎಂದ ದಾವಲಸಾಬ. "ಅಮಾಸಿ ದಿನ ನಾವು ಭಾರ ಎತ್ತೂದಿಲ್ಲ. ಸಂಘದ ಕಟ್ಟಿ ಮ್ಯಾಲೆ ಸಾಲಾಗಿ ಕುಂತು ಒಬ್ಬರ ಬೆನ್ನು ಒಬ್ಬರು ತಿಕ್ಕತೀವಿ. ತಿಂಗಳ ಭಾರ ಇಳಸೂದು ಅಂತೀವಿ ಅದಕ್ಕ. ನಮ್ಮಪ್ಪನ ಕಾಲದಿಂದ ಐತಿ."

"ಯಾವ ಎಣ್ಣಿ?"

"ಇದs ಎಣ್ಣಿ, ಬೆನ್ನು ತೊಯ್ಯೂ ಹಂಗ. ನಿಮ್ಮ ಪಟ್ಟಿ ಬಂದ ಮ್ಯಾಲೆ ಇದs ಮೊದಲ ಅಮಾಸಿ."

"ಎಲ್ಲಾರೂ?"

"ಎಲ್ಲಾರೂ."

ಫಕ್ಕೀರಪ್ಪನಿಗೆ ರಾತ್ರಿ ನೀಲವ್ವನೂ ಹಚ್ಚಿದ್ದಳು, ಅದಕ್ಕೇ ಅವನದು ಮೊದಲು ಏರಿತ್ತು. ಗೋಡೆಯಾಚೆ ಇನ್ನೂ ಇಪ್ಪತ್ತು ಜನ ಒಳಗಿದ್ದರು. ಜಿನದತ್ತನ ಕೈಯ ಪರದೆ ಕಸಿದು ನೋಡಿದೆ. ಮೂವತ್ತೇಳು ಪಾಯಿಂಟ್ ಎಂಟು. ಮೂವತ್ತೆಂಟು. ಮೂವತ್ತೆಂಟು ಪಾಯಿಂಟ್ ಎರಡು. ಒಂದೊಂದೇ ಹಳದಿಯಾಗುತ್ತಿದ್ದವು. ದಾವಲಸಾಬನ ಅಂಕಿಯೂ ಹಳದಿ. ಅವನು ಅದನ್ನು ನೋಡಿ, ಬನಿಯನ್ನಿನೊಳಗೆ ಕೈಹಾಕಿ ತನ್ನ ಪಟ್ಟಿ ತಾನೇ ಕಿತ್ತುಕೊಂಡ.

ಒಂದು ತಿಂಗಳ ಹಿಂದೆ ಇವರಿಂದ ಫಾರ್ಮು ತುಂಬಿಸಿದ್ದೆ. ಅದರಲ್ಲೊಂದು ಪ್ರಶ್ನೆ, 'ನಿತ್ಯ ಯಾವುದಾದರೂ ಔಷಧಿ ಬಳಸುತ್ತೀರಾ?' ಇಪ್ಪತ್ತೆರಡು ಜನವೂ 'ಇಲ್ಲ' ಎಂದಿದ್ದರು. ಸುಳ್ಳಲ್ಲ. ಗಂಧಪುರದ ಎಣ್ಣೆ ಅವರಿಗೆ ಔಷಧಿಯಲ್ಲ, ಅದು ಸಂಜೆ. ಧಾರವಾಡದ ನನ್ನ ನಲವತ್ತು ಹುಡುಗರಲ್ಲಿ ಒಬ್ಬನೂ ಜೀವನದಲ್ಲಿ ಮೂಟೆ ಹೊತ್ತವನಲ್ಲ.

"ಎಲ್ಲಾರ ಪಟ್ಟಿ ಕೀಳಸ್ರಿ. ಅಂಗಳಕ್ಕ ಬರಬಾರದು, ನಡುಕೋಣ್ಯಾಗ ನಿಲ್ಲಲಿ. ಫಕ್ಕೀರಪ್ಪನ್ನೂ ಅಲ್ಲೇ ಒಳಗ ತಗೊಂಡು ನಡೀರಿ, ತೊಟ್ಟಿ ನೀರಾಗ ಇಳಸೂಣು."

ನಡುಕೋಣೆಯೆಂದರೆ ಹಿಮದ ಕೋಣೆಗೂ ಹೊರ ಬಾಗಿಲಿಗೂ ನಡುವಿನ ಜಾಗ. ನಾಲ್ಕು ಡಿಗ್ರಿ. ಅಲ್ಲಿ ಬೀಜೋಪಚಾರಕ್ಕೆ ನೀರು ತುಂಬಿಟ್ಟ ದೊಡ್ಡ ತೊಟ್ಟಿಯೊಂದಿತ್ತು, ಮನುಷ್ಯ ಮಲಗುವಷ್ಟು ಉದ್ದ.

ನೀಲವ್ವ ಬಾಗಿಲಿಗೆ ಅಡ್ಡ ನಿಂತಳು.

"ತಣ್ಣೀರಾಗ ಹಾಕ್ತೀರಿ? ಮೈ ಕುದಿಯಾಕತ್ತೇತಿ, ಈಗ ತಣ್ಣೀರು ಬಿದ್ರ ಸನ್ನಿ ಹಿಡದು ಸಾಯ್ತಾನ್ರಿ! ಈ ಚಳಿ ಕೋಣಿನs ನನ್ನ ಗಂಡನ್ನ ಹಿಂಗ ಮಾಡೇತಿ. ಮತ್ತ ಅದರಾಗs ಹಾಕ್ತೀರಿ? ನಾ ಒಲ್ಲೆ."

ನಲವತ್ತು ಪಾಯಿಂಟ್ ಐದು. ಫಕ್ಕೀರಪ್ಪನ ದವಡೆ ಬಿಗಿದುಕೊಳ್ಳುತ್ತಿತ್ತು. ಅವನ ಕೈಕಾಲುಗಳೊಳಗೆ ಎಟಿಪಿ ಮಾಡುವ ಗಾಲಿಗಳೆಲ್ಲ ನಿಲ್ಲುತ್ತ ಬಂದಿದ್ದವು. ಒಲೆ ಧಗಧಗ ಉರಿಯುತ್ತಿದೆ, ಪಾತ್ರೆಯಲ್ಲಿ ಮಾತ್ರ ಏನೂ ಇಲ್ಲ. ನಲವತ್ತೆರಡು ಮುಟ್ಟಿದರೆ ಮೆದುಳು ಉಳಿಯುವುದಿಲ್ಲ.

ನನಗೆ ಪಾಠ ಮಾಡುವ ವೇಳೆಯಿರಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡೆ. ಎಣ್ಣೆಗೆ ಜಾರುತ್ತಿದ್ದವು.

"ನೀಲವ್ವಾ, ಇವನ ಮೈಯಾಗ ಬೆಂಕಿ ಬಿದ್ದದ. ನಾನs ಹಚ್ಚಿದ ಬೆಂಕಿ. ಅದನ್ನ ಆರಿಸೋ ಔಷಧಿ ನನ್ನ ಹತ್ರ ಇಲ್ಲ, ಯಾರ ಹತ್ರಾನೂ ಇಲ್ಲ. ನೀರೊಂದs ದಾರಿ. ನೀ ಅಡ್ಡ ನಿಂತ್ರ ಹತ್ತು ನಿಮಿಷದಾಗ ಇವ ಹೋಗ್ತಾನ."

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ಹಾಗೆ ನೋಡಿಲ್ಲ. ಆಮೇಲೆ ಬಾಗಿಲು ಬಿಟ್ಟಳು.

"ಸಬಕಾರ ತಗೋ. ಬೆನ್ನು, ಹೆಗಲು, ಅಂಗಾಲು, ಎಣ್ಣಿ ಜಿಡ್ಡು ಒಂದೀಟೂ ಉಳೀಬಾರದು. ತಿಕ್ಕಿ ತೊಳಿ."

ಏಕೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ತೊಟ್ಟಿಯೊಳಗೆ ಇಳಿದು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹದಿನಾರು ವರ್ಷ ಹಚ್ಚಿದ ಕೈಯಿಂದಲೇ ತೊಳೆಯತೊಡಗಿದಳು.

ತೊಟ್ಟಿಯ ನೀರು ಸಾಲದು, ಹಿಮ ಬೇಕಿತ್ತು. ಲಾರಿಗೆ ತುಂಬುವ ಪೆಟ್ಟಿಗೆಗಳ ಸಂದಿಗಿಡಲು ಹಿಮಚೀಲಗಳ ದೊಡ್ಡ ರಾಶಿ ಒಳಗೆ ಕೊನೆಯ ಗೋಡೆಯ ಹತ್ತಿರವಿತ್ತು, ನಲವತ್ತು ಹೆಜ್ಜೆ ದೂರ. ಮೈ ಕಾದವರು ಓಡಾಡಿದರೆ ಇನ್ನಷ್ಟು ಕಾಯುತ್ತಾರೆ. ನಾನು ತಡವರಿಸುತ್ತಿದ್ದಾಗಲೇ ದಾವಲಸಾಬ ಬಾಯಿಗೆ ಕೈಯಿಟ್ಟು, "ಸಾಲು!" ಎಂದು ಕೂಗಿದ.

ಅದೊಂದೇ ಮಾತು. ಇಪ್ಪತ್ತೂ ಜನ ಗೋಡೆಯಿಂದ ತೊಟ್ಟಿಯವರೆಗೆ ಸಾಲುನಿಂತರು. ಯಾರೂ ಒಂದು ಹೆಜ್ಜೆ ಕದಲಲಿಲ್ಲ. ಹಿಮಚೀಲ ಮೊದಲನೆಯವನ ಕೈಯಿಂದ ಎರಡನೆಯವನಿಗೆ, ಅವನಿಂದ ಮೂರನೆಯವನಿಗೆ ದಾಟಿ ದಾಟಿ ಬಂತು. ಸಾಲಿನ ತುದಿಯಲ್ಲಿ ದಾವಲಸಾಬ ನಿಂತು ಒಂದೊಂದನ್ನೇ ತೆಗೆದುಕೊಂಡು ನೀರಿಗಿಳಿಸಿದ. ನಾನು ಅವನ ಹಿಂದೆ ನಿಂತು ಅಂಕಿ ಓದುತ್ತಿದ್ದೆ.

ನಲವತ್ತು ಪಾಯಿಂಟ್ ಒಂಬತ್ತು. ನಲವತ್ತೊಂದು. ನಲವತ್ತೊಂದು ಪಾಯಿಂಟ್ ಮೂರು.

"ಇಳಿತೇನ್ರಿ?" ನೀಲವ್ವ ತಲೆಯೆತ್ತದೆ ಕೇಳಿದಳು. ಅವಳ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ತೊಳಿ. ತೊಳೀತಾ ಇರು."

ನಲವತ್ತೊಂದು ಪಾಯಿಂಟ್ ಐದು. ಜಿನದತ್ತ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾನು ದೇವರನ್ನು ನಂಬುವವಳಲ್ಲ, ಆದರೂ ಶಿರಹಟ್ಟಿ ಫಕ್ಕೀರಸ್ವಾಮಿಗೆ ಏನೇನೋ ಹರಕೆ ಹೊತ್ತೆ. ಐದರಲ್ಲೇ ನಿಂತಿತು. ಒಂದು ನಿಮಿಷ ಐದು. ಎರಡು ನಿಮಿಷ ಐದು. ಹಿಮಚೀಲಗಳು ಬರುತ್ತಲೇ ಇದ್ದವು.

ಆಮೇಲೆ ನಾಲ್ಕು.

ಆಂಬುಲೆನ್ಸು ಬಂದಾಗ ಮೂವತ್ತೊಂಬತ್ತಕ್ಕೆ ಇಳಿದಿತ್ತು. ಉಳಿದವರ ಅಂಕಿಗಳು ಒಂದೊಂದೇ ಹಸಿರಾದವು.

ಫಕ್ಕೀರಪ್ಪ ಬದುಕಿದ. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಅವನ ಸ್ನಾಯುಗಳು ಒಳಗೇ ಕರಗಿಹೋಗಿದ್ದವು. ಕರಗಿದ್ದೆಲ್ಲ ರಕ್ತಕ್ಕಿಳಿದು ಮೂತ್ರಪಿಂಡಗಳಲ್ಲಿ ಅಡಚಿಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಇನ್ನು ಮೇಲೆ ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಹಮಾಲನಿಗೆ ಹೇಳುವ ಮಾತೇ ಅದು?

ಈ ನಡುವೆ ಭಂಡಾರದ ಆಡಳಿತದವರು ಒಂದು ವರದಿ ತಯಾರಿಸಿ ನನ್ನ ಸಹಿಗೆ ಕಳಿಸಿದರು. ಅದರಲ್ಲಿ ಒಂದು ಸಾಲಿತ್ತು: 'ಕಾರ್ಮಿಕನ ಪತ್ನಿಯು ಅನುಮತಿಯಿಲ್ಲದ ತೈಲವನ್ನು ಲೇಪಿಸಿದ್ದರಿಂದ ಅವಘಡ ಸಂಭವಿಸಿತು.' ಒಂದಕ್ಷರವೂ ಸುಳ್ಳಲ್ಲ. ಆ ಹಾಳೆ ಹರಿದು, ನನ್ನದೇ ಒಂದು ಬರೆದೆ. ಎಣ್ಣೆಯ ಬಾಟಲಿಯನ್ನು ಕಣ್ಣಾರೆ ಕಂಡೂ ಕೇಳದೇ ಹೋದವಳು ನಾನು, ಸೂಚನೆಯನ್ನು ತಪ್ಪಾಗಿ ಬರೆದವಳೂ ನಾನು ಎಂದು. ಪಟ್ಟಿಗಳನ್ನೆಲ್ಲ ವಾಪಸು ತರಿಸಿದೆ. ಪ್ರಯೋಗ ನಡೆಸುವ ನನ್ನ ಪರವಾನಗಿ ಏನಾಗುತ್ತದೋ ಇನ್ನೂ ಗೊತ್ತಿಲ್ಲ.

ಆದರೆ ಕಾಗದಕ್ಕೆ ಹೇಳುವುದು ಸುಲಭ. ಹೇಳಬೇಕಾದವಳು ಓಣಿಯಲ್ಲಿದ್ದಳು.

ಒಂದು ಸಂಜೆ ಹೋದೆ. ಫಕ್ಕೀರಪ್ಪ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಹೆಗಲು ಇಳಿದುಹೋಗಿತ್ತು, ಗಂಟು ಮಾತ್ರ ಹಾಗೇ ಇತ್ತು. ನೀಲವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಗೂಡಿನಲ್ಲಿ ಹೊಸದೊಂದು ಹಸಿರು ಬಾಟಲಿ ಕಂಡಿತು, ಮುಚ್ಚಳ ತೆಗೆದಿರಲಿಲ್ಲ.

ನಿಂತೇ ಹೇಳಿದೆ. ಪಟ್ಟಿಯದೇನು, ಎಣ್ಣೆಯದೇನು, ಎರಡೂ ಕೂಡಿ ಏನಾಯಿತು, ಎಲ್ಲ. ಎಷ್ಟು ಮೆತ್ತಗೆ ಹೇಳಿದರೂ ಕೊನೆಗೆ ಒಂದು ಮಾತಿಗೆ ಬಂದು ನಿಲ್ಲಲೇಬೇಕಿತ್ತು. ಅದನ್ನು ಅವಳೇ ಹೇಳಿದಳು.

"ಹಂಗಾರ ನನ್ನ ಕೈಯಿಂದs ಆತು."

"ಅಲ್ಲ ನೀಲವ್ವಾ. ನೀ ಹದಿನಾರು ವರ್ಷ ಹಚ್ಚೀ, ಏನೂ ಆಗಿರಲಿಲ್ಲ. ನನ್ನ ಪಟ್ಟಿಯಿಂದ ಆತು. ಎಣ್ಣಿ ಏನು ಮಾಡ್ತದ ಅನ್ನೂದು ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

"ನೀವು ಅವತ್ತು ಇಲ್ಲೇ ಕುಂತಿದ್ರಿ."

"ಹೌದು."

"ಬಾಟ್ಲಿ ಈಸಕೊಂಡು ಮೂಸಿದ್ರಿ. ವಾಸನಿ ಛಲೋ ಐತಿ ಅಂದ್ರಿ."

"ಹೌದು."

ಅವಳು ಒಲೆಯ ಕಡೆ ತಿರುಗಿದಳು. ಬೆಂಕಿಯನ್ನು ಕೆದಕಿದಳು. ಅವಳು ನಾಲ್ಕು ಮಾತು ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಅವಳಿಗದು ಗೊತ್ತಿತ್ತೋ ಏನೋ, ಬೈಯಲಿಲ್ಲ.

"ತಿಂಗಳಾಗಾಕ ಬಂತು, ಇವನ ಮೈ ಮುಟ್ಟಿಲ್ಲ ನಾ," ಎಂದಳು ಕೊನೆಗೆ. "ನೀವು ಅವತ್ತು ತೊಳಿ, ಜಿಡ್ಡು ಉಳೀಬಾರದು ಅಂದಾಗs ನನಗ ಹೊಳದಿತ್ತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಬೆನ್ನು ನೋವು ಅಂತ ಹೊಳ್ಳಾಡ್ತಾನ. ಕೈ ಮುಂದ ಮಾಡ್ತೀನಿ, ಹಿಂದ ತಗೀತೀನಿ."

"ಏ, ಬಿಡಲೇ ಅದನ್ನ," ಎಂದ ಫಕ್ಕೀರಪ್ಪ. ಅವನ ದನಿಯೂ ಸೊರಗಿತ್ತು.

"ಬರೀ ಕೊಬ್ಬರಿ ಎಣ್ಣಿ ಹಚ್ಚು. ಅದರಿಂದ ಏನೂ ಆಗೂದಿಲ್ಲ," ಎಂದೆ.

ನೀಲವ್ವ ಎದ್ದು ಒಳಗೆ ಹೋದಳು. ಕೊಬ್ಬರಿ ಎಣ್ಣೆಯ ಬಟ್ಟಲು ತಂದು, ಗಂಡನ ಪಕ್ಕದಲ್ಲಲ್ಲ, ನನ್ನ ಮುಂದೆ ಇಟ್ಟಳು.

"ಕುಂದರ್ರಿ. ಇವತ್ತು ನೀವು ಹಚ್ರಿ."

"ಏ ಇಕಿನ, ಅಕ್ಕಾರಿಗೆ ಹಂಗ ಅನಬಾರದು…" ಫಕ್ಕೀರಪ್ಪ ನಾಚಿ ಮೈ ಮುದುಡಿಕೊಂಡ.

"ನೀ ಸುಮ್ಮನ ಹೊಳ್ಳಿ ಮಲಕೊ," ಎಂದಳು. ಅವನು ಮಲಗಿದ.

ಐವತ್ತನಾಲ್ಕು ವರ್ಷದ ನಾನು ಇನ್ನೊಬ್ಬರ ಬೆನ್ನಿಗೆ ಎಣ್ಣೆ ತಿಕ್ಕಿದವಳಲ್ಲ. ಚಾಪೆಯ ಅಂಚಿಗೆ ಕುಳಿತು, ಅಂಗೈಗೆ ಎಣ್ಣೆ ಹಾಕಿಕೊಂಡು, ಆ ಗಂಟಿನ ಮೇಲೆ ಕೈಯಿಟ್ಟೆ. ಫಕ್ಕೀರಪ್ಪ ಸಣ್ಣಗೆ ಬೆಚ್ಚಿದ.

"ಅಕ್ಕಾರ," ಎಂದ ಚಾಪೆಗೆ ಮುಖವಿಟ್ಟುಕೊಂಡೇ, "ನಿಮ್ಮ ಕೈ ಭಾಳ ತಣ್ಣಗ ಅದಾವ್ರಿ."

ನಾನು ಕೈ ಹಿಂದಕ್ಕೆ ತೆಗೆಯಹೋದೆ. ನೀಲವ್ವ ನನ್ನ ಮಣಿಕಟ್ಟು ಹಿಡಿದು ಮತ್ತೆ ಅಲ್ಲೇ ಇಟ್ಟಳು.

"ತಿಕ್ಕೂದು ಬಿಡಬ್ಯಾಡ್ರಿ," ಎಂದಳು. "ಕಾಯ್ತಾವ."